ಕಾಳನ ಮೇಲೆ ಹೊದ್ದಿಸಿದ ಬಾವುಟ

ಆಗಸ್ಟ್ ಇಪ್ಪತ್ತೆರಡರ ಬೆಳಿಗ್ಗೆ ಹತ್ತೂಕಾಲಿಗೆ ನಿತೇಶ್ ಠಾಣೆಗೆ ಬಂದು ಸಬ್ ಇನ್ಸ್‌ಪೆಕ್ಟರ್ ತೀರ್ಥಪ್ರಸಾದರ ಎದುರು ಫೋನ್ ಇಟ್ಟ. ಚೆಟ್ಟಳ್ಳಿ ಕಡೆ ಅವನ ಮನೆಯವರದು ಕಾಫಿ ತೋಟ. ವಿಡಿಯೊದಲ್ಲಿ ಹಿಂದಿನ ದಿನದ ರಸ್ತೆತಡೆ: ಆನೆ ತುಳಿದು ಸತ್ತ, ಅದೇ ತೋಟದ ಕೂಲಿಯಾಳು ಕಾಳನ ಹೆಣ ನಡುರಸ್ತೆಯಲ್ಲಿ, ಅದರ ಮೇಲೆ ರಾಷ್ಟ್ರಧ್ವಜ.

"ಇದು ಯೋಧರಿಗೆ ಹೊದ್ದಿಸೋದು ಸಾರ್. ನಮ್ಮಣ್ಣ ಮನೆಗೆ ಹಂಗೆ ಬಂದ. ಯಾರ್ಯಾರಿಗೋ ಹೊದ್ದಿಸಿದ್ರೆ ಅವನು ಸತ್ತಿದ್ದು ಯಾತಕ್ಕೆ?"

ತೀರ್ಥಪ್ರಸಾದ್ ರಾಷ್ಟ್ರಗೌರವ ಕಾಯ್ದೆಯ ಪುಸ್ತಕ ತೆಗೆದರು. ಸರ್ಕಾರಿ ಗೌರವದ, ಸೇನೆಯ ಅಂತ್ಯಕ್ರಿಯೆ ಬಿಟ್ಟು ಬೇರೆಲ್ಲೂ ಧ್ವಜವನ್ನು ಹೊದಿಕೆ ಮಾಡುವಂತಿಲ್ಲ. ಮೂರು ವರ್ಷದವರೆಗೆ ಜೈಲು. ಸರ್ಕಾರದ ಕ್ರಮವನ್ನು ಟೀಕಿಸಿದರೆ ಅಪರಾಧವಲ್ಲ ಎಂಬ ವಿವರಣೆಯೂ ಅಲ್ಲೇ ಕೆಳಗಿತ್ತು. ಎರಡನ್ನೂ ಇನ್ನೊಮ್ಮೆ ಓದಿ ಎಫ್‌ಐಆರ್ ದಾಖಲಿಸಿದರು. ಅಷ್ಟರಲ್ಲಿ ಮೇಲಿನಿಂದ ಫೋನ್ ಬಂತು: ಇವತ್ತೇ ಬಂಧಿಸಿ.

ಕಾನ್‌ಸ್ಟೇಬಲ್ ಸುಧಾಳನ್ನು ಕರೆದುಕೊಂಡು ಆ ತೋಟದ ಕೂಲಿಯವರ ಲೈನ್ ಮನೆಗಳಿಗೆ ಹೋದರು. ಸ್ವಾತಂತ್ರ್ಯ ದಿನಕ್ಕೆಂದು ಮನೆಮನೆಗೂ ಬಾವುಟ ಹಂಚಿದ್ದರು. ಯಾವ ಬಾಗಿಲ ಕೋಲು ಖಾಲಿಯೋ ಅಲ್ಲಿ ಕೇಳಿದರಾಯಿತು ಎಂದು ಅವರ ಎಣಿಕೆ. ಹೋಗಿ ನೋಡಿದರೆ ಒಂದು ಕೋಲಿನಲ್ಲೂ ಬಾವುಟವಿಲ್ಲ.

"ಎಲ್ಲ ಎಲ್ಲಿ ಹೋದ್ವು?"

"ಮಳೆ ಅಲ್ವಾ ಸಾರ್, ಒಳಗಿಟ್ವಿ," ಎಂದಳು ಲೈನಿನ ಹಿರಿಯಳು ಕಾಂತಮ್ಮ.

"ಮಳೆ ನಿಂತು ಮೂರು ದಿನ ಆಯ್ತು."

"ನಮ್ಮ ಮನೇಲಿ ಎಲ್ಲ ನಿಧಾನಕ್ಕೇ ಒಣಗೋದು ಸಾರ್."

ಸುಧಾ ಮುಖ ತಿರುಗಿಸಿ ನಗು ನುಂಗಿದಳು.

"ಕಾಳನ ಮೇಲೆ ಹಾಕಿದ್ದು ಯಾರ ಮನೇದು?"

"ಎಲ್ಲರ ಮನೇದೂ."

ವಿಡಿಯೊದ ಅಂಚಿನಲ್ಲಿ ಕಾಳನ ತಮ್ಮ ಗಿರಿ ಬಾವುಟದ ತುದಿ ಹಿಡಿದಿದ್ದ. ತೀರ್ಥಪ್ರಸಾದ್ ಅವನಿಗೆ ಜೀಪು ಹತ್ತಲು ಹೇಳಿದರು. ಆಗ ಒಳಗಿಂದ ಕಾಳನ ಹೆಂಡತಿ ಮುದ್ದಿ ಬಂದಳು. ಕೈಯಲ್ಲಿ ಮಡಚಿದ ಬಾವುಟ.

"ಅವನನ್ನ ಬಿಡಿ ಸಾರ್. ಗಾಳಿಗೆ ಏಳ್ತಿತ್ತು, ಹಿಡ್ಕೊಂಡ. ಹೊದ್ದಿಸಿದ್ದು ನಾನು."

"ಬಾಯಿ ಮುಚ್ಚೇ," ಎಂದಳು ಕಾಂತಮ್ಮ.

"ಹೊದ್ದಿಸೋಕೆ ಬೇರೆ ಬಟ್ಟೆ ಇರ್ಲಿಲ್ವೇನಮ್ಮ?" ತೀರ್ಥಪ್ರಸಾದ್ ಕೇಳಿದರು. ಇರಲಿಲ್ಲ ಎಂದಿದ್ದರೆ ಕೇಸು ಅಲ್ಲಿಗೇ ಸಡಿಲವಾಗುತ್ತಿತ್ತು.

"ಇತ್ತು. ನಿನ್ನೆ ಬೆಳಿಗ್ಗೆಯಿಂದ ರಸ್ತೇಲಿ ಕಂಬಳಿ ಹೊದ್ದೇ ಮಲಗಿದ್ದ. ಜೀಪುಗಳು ಬಳಸ್ಕೊಂಡು ಹೋದ್ವು. ಒಬ್ಬ ಆಫೀಸರೂ ಬರ್ಲಿಲ್ಲ, ನೀವೂ ಬರ್ಲಿಲ್ಲ. ನಿತೇಶ್ ಧಣಿಯ ಅಣ್ಣ ಮಿಲಿಟರಿಯಿಂದ ಪೆಟ್ಟಿಗೇಲಿ ಬಂದಾಗ ಅಂಗಳ ಗುಡಿಸಿದ್ದು ನಾನು. ಬಾವುಟ ಇದ್ರೆ ಎಲ್ಲ ಇಳಿದು ಬಂದು ನಿಲ್ತಾರೆ ಅಂತ ಅವತ್ತು ಕಂಡಿದ್ದೆ. ನಿನ್ನೆ ಹೊದ್ದಿಸಿದೆ. ಇವತ್ತು ಬಂದ್ರಿ."

ತೀರ್ಥಪ್ರಸಾದ್ ಕಾಂತಮ್ಮನನ್ನೂ ಇನ್ನೊಬ್ಬನನ್ನೂ ಪಂಚರನ್ನಾಗಿ ನಿಲ್ಲಿಸಿ ಬಾವುಟವನ್ನು ವಶಕ್ಕೆ ಪಡೆದು, ಅಲ್ಲೇ ಜಗಲಿಯ ಮೇಲೆ ಕೂತು ಪಂಚನಾಮೆ ಬರೆದರು. ಬಿಳಿ ಪಟ್ಟಿಯಲ್ಲಿ ರಕ್ತದ ಕಲೆ ಇತ್ತು, ಅದನ್ನೂ ನಮೂದಿಸಿದರು. ಗಿರಿಯನ್ನು ಬಿಟ್ಟು ಮುದ್ದಿಯನ್ನು ಜೀಪು ಹತ್ತಿಸಿದರು.

ಠಾಣೆಯಲ್ಲಿ ಸುಧಾ ಬಂಧನದ ಕಾಗದ ತುಂಬುತ್ತಾ ಕೇಳಿದಳು: "ಅವಮಾನಿಸುವ ಉದ್ದೇಶದಿಂದ ಅಂತ ಹಾಕ್ಲಾ ಸಾರ್? ದೂರಲ್ಲಿ ಹಾಗಿದೆ."

"ಬೇಡ. ಉದ್ದೇಶ ಅವಳೇ ಹೇಳಿದಾಳಲ್ಲ. ಹೇಳಿಕೇಲಿ ಒಂದು ಮಾತೂ ಬಿಡದೆ ಬರಿ. ಅದು ಅವಮಾನವೋ ಅಹವಾಲೋ ಕೋರ್ಟ್ ಹೇಳ್ಲಿ."

ಸಂಜೆ ನಾಲ್ಕೂವರೆಗೆ ಸುಧಾ ಬಂಧನದ ಕಾಗದವನ್ನು ಮುದ್ದಿಗೆ ಓದಿ ಹೇಳಿ ಮಸಿಯ ಡಬ್ಬಿ ಮುಂದೆ ಸರಿಸಿದಳು. ಮುದ್ದಿ ಕೈ ಎತ್ತಲಿಲ್ಲ.

"ಯಾರ ಮೇಲೆ ಹೊದ್ದಿಸಿದೆ ಅಂತ ಇಲ್ವಲ್ಲ."

"ಮೃತದೇಹ ಅಂತ ಇದೆಯಲ್ಲಮ್ಮ."

"ಹೆಸರು ಹಾಕಿ. ಹಾಕಿದ್ರೆ ಒತ್ತೀನಿ."

ತೀರ್ಥಪ್ರಸಾದ್ ಸುಧಾಳ ಕೈಯಿಂದ ಪೆನ್ನು ತೆಗೆದುಕೊಂಡು ಸಾಲಿನ ಮೇಲೆ ಕಾಳ ಎಂದು ಬರೆದರು. ಯಾವುದು ಎಂದು ಮುದ್ದಿ ಕೇಳಿದಳು. ಅವರು ಬೆರಳಿಟ್ಟು ತೋರಿಸಿದರು. ಅಕ್ಷರಕ್ಕೆ ಮಸಿ ತಾಗದಂತೆ ಅವಳು ಕಾಗದದ ಕೆಳಗಿನ ಮೂಲೆಯಲ್ಲಿ ಹೆಬ್ಬೆಟ್ಟು ಒತ್ತಿದಳು.