ಸೋಮವಾರದ ಎಚ್ಚರ

ಆಗಸ್ಟ್ 14, ಗುರುವಾರ, ಬೆಳಿಗ್ಗೆ ಹತ್ತೂವರೆ. ಬಬಲೇಶ್ವರ ಠಾಣೆಗೆ ಬಂದ ಶಂಕ್ರೆವ್ವ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಶುರು ಮಾಡಿದಳು.

"ಸಣ್ಣ ಸೊಸಿ ಗೀತಾಂಜಲಿ ನಿದ್ದಿ ಗುಳಿಗಿ ನುಂಗಿ ಬೀಳ್ತಾಳ್ರಿ. ನಿನ್ನೆ ಆಕಿ ಎರಡ ವರ್ಷದ ಕೂಸು ದನದ ನೀರಿನ ತೊಟ್ಟ್ಯಾಗ ಬಿದ್ದಿತ್ತು. ದೊಡ್ಡ ಸೊಸಿ ಮಹಾನಂದಾ ಎತ್ತಿದ್ದಕ್ಕ ಉಳೀತು. ಆಕೀನ್ನ ತವರಿಗಿ ಕಳಸ್ತೇವಿ, ಕೂಸು ನಮ್ಮ ಹಂತ್ಯಾಕ ಇರಲಿ."

ಪಿಎಸ್‌ಐ ತಸ್ಲೀಮ ದೂರು ಬರೆಸಿಕೊಂಡು ಹೆಡ್ ಕಾನ್‌ಸ್ಟೆಬಲ್ ತುಕಾರಾಮನೊಂದಿಗೆ ಆ ಮನೆಗೆ ಹೋದಳು. ಗೀತಾಂಜಲಿಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ನಿದ್ರೆ ಮಾತ್ರೆಗಳು ಸಿಕ್ಕವು. ಜಾಗ ತೋರಿಸಿದವಳು ಮಹಾನಂದಾ. ಪಂಚರ ಮುಂದೆ ಪಂಚನಾಮೆ ಆಯಿತು. ಕಣ್ಣು ತೆರೆಯಲಾರದೆ, ನಾಲಿಗೆ ತೊದಲುತ್ತಾ ಗೀತಾಂಜಲಿ ಅಂದಿದ್ದು ಇಷ್ಟೇ: "ನಾ ಒಂದೂ ನುಂಗಿಲ್ರಿ. ನನ್ನ ಕೂಸು ಕಸಗೋಬ್ಯಾಡ್ರಿ."

"ಚಟದವರು ಎಲ್ಲಾರೂ ಹಿಂಗ ಅಂತಾರ್ರಿ ಮೇಡಮ್," ಎಂದ ತುಕಾರಾಮ. ತಸ್ಲೀಮಳಿಗೂ ಹಾಗೇ ಅನ್ನಿಸಿತ್ತು. ನೆಗೆಣ್ಣಿಯರಿಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣುವವರು. ಊಟದಲ್ಲಿ ಏನಾದರೂ ಬೆರೆತಿದ್ದರೆ ಮಹಾನಂದಾ ಹೇಗೆ ಇಷ್ಟು ಚುರುಕಾಗಿರುತ್ತಾಳೆ?

ಗೀತಾಂಜಲಿಯನ್ನು ವಿಜಯಪುರದ ಆಸ್ಪತ್ರೆಗೆ ಸೇರಿಸಿದರು. ತಿಕೋಟಾದಿಂದ ಅವಳ ತಂದೆ ಯಲಗೂರಪ್ಪ ಬಂದು ಹಾಸಿಗೆಯ ಪಕ್ಕ ಕುಳಿತ. ಶನಿವಾರ ತಸ್ಲೀಮ ಹೋದಾಗ ಗೀತಾಂಜಲಿ ಎದ್ದು ಕುಳಿತು ಮಗಳೆಲ್ಲಿ ಎಂದು ಕೇಳುತ್ತಿದ್ದಳು.

"ಮೂತ್ರದಲ್ಲಿ ಔಷಧಿ ಇತ್ತು, ನಿಜ. ಆದರೆ ಬಹಳ ದಿನ ನುಂಗಿದವರು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಬೆವರು ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಈಕೆಗೆ ಅದೇನೂ ಇಲ್ಲ," ಎಂದರು ವೈದ್ಯರು.

ಅಲ್ಲಿಂದ ತಸ್ಲೀಮ ಸೀದಾ ಶಂಕ್ರೆವ್ವನ ಮನೆಗೆ ಬಂದಳು. ಮಹಾನಂದಾ ಚಹಾ ತಂದಳು. ಅವಳ ಕೈಯಲ್ಲಿ ಚಹಾದ ಕಪ್ ಬಸಿಯ ಮೇಲೆ ಕಟಕಟ ಸದ್ದು ಮಾಡುತ್ತಿತ್ತು. ಕಣ್ಣುಗಳು ಕೆಂಪಾಗಿದ್ದವು, ಹಣೆಯ ತುಂಬ ಬೆವರು. ತಸ್ಲೀಮ ಚಹಾ ಮುಟ್ಟಲಿಲ್ಲ.

"ಯವ್ವಾ, ಗೀತಾಂಜಲಿಗೆ ಜೋಂಪು ಹತ್ತದ ದಿನಾ ಯಾವದರ ಐತೇನು?" ಎಂದು ಶಂಕ್ರೆವ್ವನನ್ನು ಕೇಳಿದಳು.

"ಸೋಮವಾರ. ಶ್ರಾವಣ ಸೋಮವಾರ ಉಪಾಸ ಹಿಡ್ದಾಳಲ್ರಿ, ಹನಿ ನೀರೂ ಮುಟ್ಟಂಗಿಲ್ಲ. ಅವತ್ತ ಹಣಿಗಿ ಹಿಡದ ನನ್ನ ತಲಿ ಹಿಕ್ಕತಾಳ, ಹಾಡ ಹೇಳ್ತಾಳ. ಎಷ್ಟ ಹಗೂರ ಕೈ ಆಕೀದು!"

ಬಾಗಿಲಲ್ಲಿದ್ದ ಮಹಾನಂದಾ ದಡಕ್ಕನೆ ಒಳಗೆ ಹೋದಳು. ತಸ್ಲೀಮಳಿಗೆ ಆ ನಡಿಗೆ ಗೊತ್ತು. ಅಥಣಿ ರಸ್ತೆಯ ತನ್ನ ಮನೆಯಲ್ಲಿ ಅಮ್ಮಿ ಕಿರಿಮಗಳು ಸಬೀರಾಳ ಚಹಾ ಹೊಗಳುವಾಗ ತಾನೂ ಹೀಗೇ ಎದ್ದು ಹೋಗುತ್ತಾಳೆ, ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡು.

"ಉಳದ ದಿನ ಇಬ್ಬರೂ ಒಂದ ಗಂಗಾಳದಾಗ ಉಣ್ತಾರಲ್ಲ, ಮಜ್ಜಿಗಿನೂ ಒಂದರಾಗ ಕುಡೀತಾರೇನು?"

"ಅದು ಬ್ಯಾರೆ ಬ್ಯಾರೆ ತಂಬಿಗಿ. ಮಹಾನಂದಾನ ಕೊಡ್ತಾಳ."

ಅಡುಗೆಮನೆಯ ಕುಟ್ಟಾಣಿಯ ತಳದಲ್ಲಿ ಬಿಳಿ ಪುಡಿ ಅಂಟಿತ್ತು. ಎರಡನೆಯ ಪಂಚನಾಮೆ ಮಾಡಿ, ಕುಟ್ಟಾಣಿ, ತಂಬಿಗೆ ಜಪ್ತಿ ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ಗಾಂಧಿ ಚೌಕದ ಔಷಧಿ ಅಂಗಡಿಯ ಕುತುಬುದ್ದೀನ ಮಹಾನಂದಾಳ ಫೋಟೋ ನೋಡಿದ ಕೂಡಲೇ ಹೌದೆಂದು ತಲೆ ಆಡಿಸಿದ.

"ಮದಲ ಖರೇನ ನಿದ್ದಿ ಇರಲಿಲ್ರಿ ಈ ಅಕ್ಕಾರಿಗೆ, ಡಾಕ್ಟರ್ ಚೀಟಿ ತಂದಿದ್ರು. ಆಮ್ಯಾಲ ತಿಂಗಳ ಗುಳಿಗಿ ಅರ್ಧಾ ತಿಂಗಳಕ್ಕ ಮುಗೀತು ಅಂದ್ರು. ಒಮ್ಮಿ ನೀರಾಗ ಬಿದ್ವು ಅಂದ್ರು, ಒಮ್ಮಿ ಬ್ಯಾರೆ ಡಾಕ್ಟರ್ ಚೀಟಿ ತಂದ್ರು. ಇದು ಚಟದ ದಾರಿ ಅಂತ ನಾ ಕೊಡೂದ ಬಿಟ್ಟೆ. ಬ್ಯಾರೆ ಅಂಗಡಿ ಹಿಡದಿರಬೇಕು."

ಎಫ್‌ಐಆರ್ ದಾಖಲಾಯಿತು. ಅದೇ ಸಂಜೆ ನಾಲ್ಕಕ್ಕೆ ಬಂಧನ. ಮಜ್ಜಿಗೆಯಲ್ಲಿ ಗುಳಿಗೆಯ ಪುಡಿ ಬೆರೆಸಿದ್ದನ್ನು ಮಹಾನಂದಾ ಒಪ್ಪಿಕೊಂಡಳು.

"ಟ್ರಂಕಿನ್ಯಾಗ ಇಟ್ಟಾಕಿ ಯಾರು?"

"ನಾನ. ನನ್ನ ಹಂತ್ಯಾಕ ಇದ್ದವೆಲ್ಲಾ ಅಲ್ಲೇ ಇಟ್ಟೆ."

"ಕೂಸು ಸತ್ತಿದ್ರ?"

ಆಗ ಮಾತ್ರ ಅವಳು ಅತ್ತಳು. "ಕೂಸು ತೊಟ್ಟಿ ತನಕಾ ಹೋಗ್ತದ ಅಂತ ನನಗ ಹೊಳೀಲಿಲ್ರಿ. ಸಣ್ಣಾಕಿ ಮಬ್ಬು ಅನ್ನಿಸ್ಕೊಂಡರ ಸಾಕಾಗಿತ್ತು. ಹನ್ನೆರಡ ವರ್ಷ ಅತ್ತಿ ತಲಿ ಹಿಕ್ಕಿದಾಕಿ ನಾನು. ಈಕಿ ಬಂದ ಮ್ಯಾಲ ಒಂದ ದಿನಾ ನನ್ನ ಕರೀಲಿಲ್ಲ. ಅವರಿಬ್ಬರ ನಗು ಕೇಳಿ ಕೇಳಿ ನನ್ನ ನಿದ್ದಿ ಹೋತು."

ಜೀಪು ಚಾಲೂ ಆಯಿತು. ಶಂಕ್ರೆವ್ವ ಹೊಸ್ತಿಲಲ್ಲಿ ಮೊಮ್ಮಗಳನ್ನು ಅವುಚಿಕೊಂಡು ನಿಂತಿದ್ದಳು. ಮೂರು ದಿನದಿಂದ ಬಾಚದ ಬಿಳಿ ಕೂದಲು ಮುಖದ ತುಂಬ ಹರಡಿತ್ತು. ಮಹಾನಂದಾ ಅದನ್ನೇ ನೋಡುತ್ತಿದ್ದಳು.

"ಮೇಡಮ್ನೋರ," ಎಂದು ನಡುಗುವ ಕೈ ಮುಂದೆ ಚಾಚಿದಳು, "ಸಣ್ಣಾಕಿ ಬರೂದರೊಳಗ ಒಮ್ಮಿ ಅತ್ತಿ ತಲಿ ಹಿಕ್ಕಿ ಬರ್ಲೇನ್ರಿ?"