ಗ್ರಂಥಾಲಯದ ಹಿತ್ತಲಿನ ನಾತ

ಗಿರಾಕಿಯ ಬಿಳಿ ರೇಷ್ಮೆ ಉಡುಪಿಗೆ ಕೊಳೆತ ಮೀನಿನ ವಾಸನೆ ಹತ್ತಿದ ದಿನ ಡ್ರೈಕ್ಲೀನಿಂಗ್ ಅಂಗಡಿಯ ಒಡತಿಯ ತಾಳ್ಮೆಯ ಕಟ್ಟೆ ಒಡೆಯಿತು. ಮೂಗಿಗೆ ಕರ್ಚೀಫು ಒತ್ತಿಕೊಂಡು ಹಿಂಬಾಗಿಲಿನಿಂದ ನೇರ ಪಕ್ಕದ ಗ್ರಂಥಾಲಯದ ಹಿತ್ತಲಿಗೆ ನುಗ್ಗಿದಳು.

ಹೊಸದಾಗಿ ಬಂದ ತೋಟದವನು ಮೂರು ನೀಲಿ ಡ್ರಮ್ಮುಗಳಲ್ಲಿ ಒಂದರೊಳಗೆ ಮೊಣಕೈವರೆಗೂ ಕೈ ಇಳಿಸಿ ಏನನ್ನೋ ಕಲಸುತ್ತಿದ್ದ. ಕಪ್ಪು ಲೋಳೆ ಅವನ ತೋಳಿನಿಂದ ಎಳೆಎಳೆಯಾಗಿ ಇಳಿಯುತ್ತಿತ್ತು.

"ಏನ್ರೀ ಇದು? ಅಕ್ಕಪಕ್ಕ ಮನುಷ್ಯರು ಇರ್ತಾರೆ ಅನ್ನೋ ಜ್ಞಾನ ಬೇಡ್ವಾ?"

"ಮೀನಂಗಡಿ ಕಸ, ತರಕಾರಿ ಸಿಪ್ಪೆ, ಸಗಣಿ. ಗೊಬ್ಬರ ಮಾಡ್ತಿದೀನಿ ಮೇಡಂ." ಕೈ ಮುಗಿಯಲು ಹೋದವನು ಕೈಯ ಸ್ಥಿತಿ ನೋಡಿ ತಲೆಯಷ್ಟೇ ಬಾಗಿಸಿದ. "ಹತ್ತು ವರ್ಷ ಇಲ್ಲಿ ಬರೀ ಕೆಮಿಕಲ್ ಸುರಿದಿದ್ದಾರೆ. ಮಣ್ಣು ಇಟ್ಟಿಗೆ ಆಗಿದೆ. ಒಂದು ಎರೆಹುಳ ಇಲ್ಲ. ಮಳೆ ಬರೋದ್ರೊಳಗೆ ಜೀವ ತರ್ಬೇಕು."

"ಮೊದಲು ನಮ್ಮ ಜೀವ ಉಳಿಸಿ!"

ಅವನು ನಕ್ಕ. ಆ ನಗು ಚೆನ್ನಾಗಿದ್ದದ್ದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಇಂಥ ನಾತದ ನಡುವೆ ಅಂಥ ನಗು!

ಆ ಮಧ್ಯಾಹ್ನವೇ ಗ್ರಂಥಾಲಯದ ಮುಖ್ಯಸ್ಥರಿಗೆ ದೂರು ಬರೆದು ಕೊಟ್ಟಳು.

ಎರಡು ದಿನ ಬಿಟ್ಟು ತೋಟದವನು ಅಂಗಡಿಗೆ ಬಂದ. ಹೊಸ್ತಿಲ ಬಳಿಯೇ ನಿಂತ. ಮುಖ ಬಿಳಿಚಿಕೊಂಡಿತ್ತು.

"ಒಳಗೆ ಬರೋಕಾಗಲ್ಲ ಮೇಡಂ. ಈ ಅಂಗಡಿಯ ಕೆಮಿಕಲ್ ವಾಸನೆಗೆ ನನಗೆ ವಾಂತಿ ಬರುತ್ತೆ."

ಒಳಗೆ ಕೂತು ಗುಂಡಿ ಹೊಲಿಯುತ್ತಿದ್ದ ಒಡತಿಯ ಅಕ್ಕ ಕಿಸಕ್ಕನೆ ನಕ್ಕಳು. ತನ್ನ ಅಂಗಡಿ ನಾರುತ್ತದೆಂದು ಯಾರೂ ಇದುವರೆಗೆ ಒಡತಿಗೆ ಹೇಳಿರಲಿಲ್ಲ.

"ಡ್ರಮ್ಮಿನ ವಾಸನೆ ಹದಿನೈದು ದಿನದೊಳಗೆ ಹೋಗ್ಬೇಕಂತೆ. ಗೊಬ್ಬರದ ವಾಸನೆಗೆ ನನ್ನ ಮೂಗು ಎಂದೋ ಸತ್ತುಹೋಗಿದೆ. ದಿನಾ ಬೆಳಿಗ್ಗೆ ಬಂದು ಒಂದ್ಸಲ ಮೂಸಿ ಹೇಳ್ತೀರಾ?"

"ನಾನಾ? ಆ ಕೊಚ್ಚೇನಾ?"

"ಅಷ್ಟು ಅಸಹ್ಯಪಡೋರು ಇನ್ಯಾರೂ ಸಿಗ್ಲಿಲ್ಲ."

ಹೋದಳು. ಬಟ್ಟೆಗಳಿಗೋಸ್ಕರ ಎಂದು ಅಕ್ಕನಿಗೆ ಹೇಳಿ ಹೋದಳು.

ಮೊದಲ ದಿನ ಮುಖ ಸಿಂಡರಿಸಿ, "ಹುಳಿ ಹುಳಿ, ಥೂ!" ಎಂದಳು. ನೀರು ಹೆಚ್ಚಾಗಿದೆಯೆಂದು ಅವನು ಒಣಗಿದ ಎಲೆ, ಮರದ ಹೊಟ್ಟು ಸೇರಿಸಿ ಮಗುಚಿದ. ಐದನೇ ದಿನ ಅವಳ ಕಣ್ಣಲ್ಲಿ ನೀರು ಬಂತು. "ಇದು ಅಮೋನಿಯಾ ಕಣ್ರೀ. ಕಲೆ ತೆಗೆಯೋಕೆ ನಾನೂ ಹಾಕ್ತೀನಿ."

ಅವನು ಕೆಲಸ ನಿಲ್ಲಿಸಿ ಅವಳನ್ನೇ ನೋಡಿದ. ಕೆಂಪಾದ ಮೂಗಿನ ತುದಿಯಿಂದ ಒದ್ದೆ ರೆಪ್ಪೆಯವರೆಗೆ ಆ ನೋಟ ಮೆಲ್ಲಗೆ ಏರಿತು. "ಹಾಗಾದ್ರೆ ಹಸಿ ಕಸ ಜಾಸ್ತಿಯಾಗಿದೆ. ಇಷ್ಟು ಕರೆಕ್ಟಾಗಿ ಯಾರೂ ಹೇಳಿರಲಿಲ್ಲ."

ಅವಳು ಬೇಗ ಎಲೆಯ ಮೂಟೆಯ ಕಡೆ ತಿರುಗಿದಳು.

ಒಂಬತ್ತನೇ ದಿನ ಮುಚ್ಚಳ ತೆಗೆದರೆ ಬಿಳಿ ಹುಳುಗಳು ಗಿಜಿಗಿಜಿ. ಅವಳು ಬೇಲಿಯ ಬುಡಕ್ಕೆ ಓಡಿ ತಿಂಡಿಯನ್ನೆಲ್ಲ ಕಕ್ಕಿದಳು. ಅವನು ಓಡಿ ಬಂದ, ಆದರೆ ಮುಟ್ಟಲಿಲ್ಲ. ನಲ್ಲಿಯ ಬಳಿ ಹೋಗಿ ಸೋಪು ಹಾಕಿ ಒಂದು ಸಲ, ಎರಡು ಸಲ, ಮೂರು ಸಲ ಕೈ ತೊಳೆದ. ಆಮೇಲೆ ಲೋಟಕ್ಕೆ ನೀರು ಹಿಡಿದು ತಂದುಕೊಟ್ಟ. ಅವಳು ಅವನ ತೊಳೆದ ಕೈಯನ್ನೇ ನೋಡುತ್ತಾ ನೀರು ಕುಡಿದಳು.

ಗಡುವಿನ ಹಿಂದಿನ ದಿನ ಅಕ್ಕ ಗ್ರಂಥಾಲಯದಿಂದ ಸುದ್ದಿ ತಂದಳು. "ಅವನದು ಇನ್ನೂ ಟೆಂಪರರಿ ಕಣೇ. ನಾಳೆ ನಾತ ಬಂದ್ರೆ ಡ್ರಮ್ ಜೊತೆ ಅವನೂ ಹೊರಗೆ. ಎಲ್ಲಾ ನಿನ್ನ ಕಾಗದದ ಕೃಪೆ."

ಇಷ್ಟು ದಿನ ಅವನ ಡ್ರಮ್ಮಿನ ಮೇಲಿದ್ದ ಹೇಸಿಗೆಯೆಲ್ಲ ಅವಳಿಗೆ ತನ್ನ ಮೇಲೇ ತಿರುಗಿತು. ಸೀದಾ ಹಿತ್ತಲಿಗೆ ಹೋದಳು.

"ದೂರು ಕೊಟ್ಟಿದ್ದು ನಾನು ಅಂತ ಗೊತ್ತಿತ್ತಾ?"

"ಕೆಳಗೆ ನಿಮ್ಮ ಸಹಿ ಇತ್ತಲ್ಲ."

"ಕೆಲಸ ಹೋಗುತ್ತೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪಾಪ ಅನ್ನಿಸಿ, ನಾರ್ತಿಲ್ಲ ಅಂತಿದ್ರಿ. ನನಗೆ ನಿಜ ಬೇಕಿತ್ತು."

ಮರುದಿನ ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಳ್ಳುತ್ತಾ ಬಂದರು. "ಏನಮ್ಮಾ, ವಾಸನೆ ಹೋಯ್ತಾ?"

ಅವಳು ಮೂರೂ ಡ್ರಮ್ಮಿಗೆ ಬಗ್ಗಿ ಮೂಸಿದಳು. ತೋಟದವನು ಉಸಿರು ಬಿಗಿಹಿಡಿದಿದ್ದ.

"ಎರಡು ಸರಿಹೋಗಿವೆ ಸರ್, ಬರೀ ಮಣ್ಣಿನ ವಾಸನೆ. ಮೂರನೇದು ಇನ್ನೂ ಗಬ್ಬು ನಾರುತ್ತೆ. ಆದ್ರೆ ಒಂದು ವಾರ ಸಾಕು, ನಾನೇ ನಿಂತು ನೋಡಿದೀನಿ. ದೂರು ವಾಪಸ್ ತಗೋತೀನಿ, ಇವರನ್ನ ಕಳಿಸ್ಬೇಡಿ."

ಮುಖ್ಯಸ್ಥರು ಇಬ್ಬರನ್ನೂ ಒಮ್ಮೆ ನೋಡಿ, ಒಂದು ವಾರ ಕೊಟ್ಟು ಹೋದರು. ಆ ವಾರದಲ್ಲಿ ಮೂರನೆಯದೂ ಹದಕ್ಕೆ ಬಂತು.

ಮಳೆಗೆ ಮುಂಚೆ ಗೊಬ್ಬರವನ್ನು ಪಾತಿಗಳಿಗೆ ಹರಡಿ ಮೇಲೆ ಒಣ ಎಲೆ ಹೊದಿಸಿದರು. ಮೊದಲ ಮಳೆ ಬಿದ್ದ ಮರುಬೆಳಿಗ್ಗೆ ಅವನು ಕರೆದ. ಎಲೆ ಸರಿಸಿ ಬೆರಳಿಟ್ಟರೆ ಮಣ್ಣು ಪುಡಿಪುಡಿಯಾಯಿತು, ಒಂದು ಎರೆಹುಳ ಹೊರಳಿತು. ಅವಳು ಕಿರುಚಿ ಎರಡು ಹೆಜ್ಜೆ ಹಿಂದೆ ಹಾರಿದಳು.

"ಕೆಲಸ ಪರ್ಮನೆಂಟ್ ಆಯ್ತು," ಎಂದ. "ಇನ್ಮೇಲೆ ಮೂಸೋಕೆ ಬರೋದು ಬೇಡ."

"ಸರಿ." ಆದರೆ ಕಾಲು ಕದಲಲಿಲ್ಲ.

"ಸುಮ್ನೆ ಬರಬಹುದು." ಅವನು ನೆಲ ನೋಡುತ್ತಿದ್ದ. "ನನ್ನ ಕಂಡ್ರೆ ನಿಮಗೆ ಅಸಹ್ಯ ಅಂತ ಗೊತ್ತು."

"ಹೌದು. ನಿಮ್ಮ ಉಗುರು ನೋಡಿದ್ರೆ ನನಗೆ ಊಟ ಸೇರಲ್ಲ." ಅವಳ ದನಿ ನಡುಗಿತು. "ನಿಮ್ಮನ್ನ ಒಂದು ದಿನ ನೋಡ್ದೇ ಇದ್ರೂ ಊಟ ಸೇರಲ್ಲ. ಏನ್ಮಾಡ್ಲಿ ಹೇಳಿ?"

ಅವನು ಅವಳ ಕಡೆ ಕೈ ಚಾಚಿ, ಮಣ್ಣು ಕಂಡು ಹಿಂದೆಳೆದುಕೊಂಡ. "ಇರಿ, ತೊಳ್ಕೊಂಡು ಬರ್ತೀನಿ."

ಅವಳೇ ಮುಂದೆ ಬಂದು ಆ ಕೈ ಹಿಡಿದಳು. ಒದ್ದೆ, ಅಂಟಂಟು. ಬೆನ್ನುಹುರಿಯುದ್ದಕ್ಕೂ ಹೇಸಿಗೆ ಜುಮ್ಮೆಂದಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

"ಆಮೇಲೆ ಇಬ್ರೂ ತೊಳ್ಕೊಳ್ಳೋಣ," ಎಂದಳು.