ತಾಯಿ: ಮಂಜುಶ್ರೀ

ಕಟಿಂಗ್ ಸೆಕ್ಷನ್ನಿನ ಟೇಬಲ್ ಕೆಳಗೆ ಚಿಂದಿ ಬಟ್ಟೆಯ ರಾಶಿ ಅಲುಗಾಡಿದಾಗ ಮಂಜುಶ್ರೀ ಹೆಗ್ಗಣವೆಂದುಕೊಂಡಳು. ಬಗ್ಗಿ ನೋಡಿದರೆ ಪುಟ್ಟದೊಂದು ಕಾಲು. ಕಾಲಲ್ಲಿ ಗೆಜ್ಜೆ. ಸದ್ದಾಗದಿರಲೆಂದು ಗೆಜ್ಜೆಯ ಸುತ್ತ ದಾರ ಸುತ್ತಿದ್ದರು.

ಅವಳು ಬಾಯಿ ತೆರೆಯುವಷ್ಟರಲ್ಲಿ ಟೇಬಲ್ಲಿನ ಆಚೆಯಿಂದ ಗಂಡಸೊಬ್ಬ ತುಟಿಗೆ ಬೆರಳಿಟ್ಟ.

“ಕಿರುಚ್ಬೇಡಿ ಅಕ್ಕ. ಅದು ನಂದೇ.”

“ನಿಮ್ದಾ? ಮಗೂನ ಚಿಂದಿ ಒಳಗೆ ಹೂತಿಟ್ಟಿದ್ದೀರಲ್ರೀ! ಉಸ್ರು ಕಟ್ಟಿದ್ರೆ?”

“ನೋಡ್ಕೋತಿದ್ದ ಪಕ್ಕದ್ಮನೆ ಅಜ್ಜಿ ಇನ್ಮೇಲೆ ಆಗಲ್ಲ ಅಂದ್ಬುಟ್ರು. ರಜಾ ಹಾಕಿ ಹಾಕಿ ಸಾಕಾಯ್ತು. ಇನ್ನೊಂದು ರಜಾ ಹಾಕಿದ್ರೆ ಗೇಟಿಂದ ಆಚೆಗೆ.”

“ಮಕ್ಕಳನ್ನ ಬಿಡಕ್ಕೆ ಕ್ರೆಶ್ ಐತಲ್ಲ?”

“ಅದು ಹೆಂಗಸರ ಮಕ್ಕಳಿಗಂತೆ. ನಿನ್ನ ಹೆಂಡ್ತಿನ ಕೆಲಸಕ್ಕೆ ಸೇರ್ಸು, ಆಮೇಲೆ ಮಗೂನ ಕರ್ಕೊಂಡ್ ಬಾ ಅಂದ್ರು.” ಅವನು ಕತ್ತರಿಯನ್ನು ಕೆಳಗಿಟ್ಟ. “ಅವಳು ಡೆಂಗ್ಯೂ ಬಂದು ಹೋಗಿ ಒಂದೂವರೆ ವರ್ಷ ಆಯ್ತು.”

ಅವನ ಹೆಸರು ಗೌರೀಶ್. ಬುಕ್ಕಾಪಟ್ಟಣದವನು; ಅಲ್ಲಿ ಅಕ್ಕನೊಬ್ಬಳಿದ್ದರೂ ಮಾತು ಬಿಟ್ಟಿತ್ತು. ಸಿರಾದಲ್ಲಿ ಒಂದು ರೂಮು ಮಾಡಿಕೊಂಡು, ಊರಾಚೆಯ ಈ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದ. ಮಗಳು ಮೌಲ್ಯಳಿಗೆ ಎರಡು ವರ್ಷ ತುಂಬಿ ಇನ್ನೂ ಮೂರು ತಿಂಗಳು.

ಮಂಜುಶ್ರೀ ಮಗುವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ನೇರ ಕ್ರೆಶ್ ರೂಮಿಗೆ ನಡೆದಳು. ಅವಳ ನಾಲ್ಕು ವರ್ಷದ ಧನ್ಯತಾ ಅಲ್ಲೇ ಆಡುತ್ತಿದ್ದಳು. ಆಯಾ ದೊಡ್ಡಕ್ಕ ರಿಜಿಸ್ಟರ್ ತೆಗೆದಳು.

“ಯಾರ್ದಮ್ಮ ಇದು?”

“ನಂದೇ. ಬರ್ಕೋ ದೊಡ್ಡಕ್ಕ. ಮೌಲ್ಯ. ತಾಯಿ: ಮಂಜುಶ್ರೀ.”

“ಇದು ಯಾವಾಗ ಹುಟ್ತು ಕಣಮ್ಮ?”

“ಈಗ್ತಾನೆ. ಕಟಿಂಗ್ ಸೆಕ್ಷನ್ನಲ್ಲಿ.”

ದೊಡ್ಡಕ್ಕ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬರೆದುಕೊಂಡಳು.

ಮರುದಿನದಿಂದ ಬೆಳಗಿನ ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ, ಗೇಟಿನ ಸೆಕ್ಯೂರಿಟಿಗೆ ಕಾಣದ ಟೀ ಅಂಗಡಿಯ ಹಿಂದೆ ಗೌರೀಶ್ ಕಾಯತೊಡಗಿದ. ಬಡವನಹಳ್ಳಿಯಿಂದ ಬರುವ ವ್ಯಾನು ನಿಂತು ಮಂಜುಶ್ರೀ ಇಳಿದರೆ, ಮೌಲ್ಯ ಅಪ್ಪನ ತೋಳಿಂದಲೇ ಅವಳ ಕಡೆಗೆ ಜಿಗಿಯುತ್ತಿದ್ದಳು. ಮಗು ಕೈ ಬದಲಾಯಿಸುವಾಗ ಅವರಿಬ್ಬರ ಬೆರಳುಗಳು ಒಂದಕ್ಕೊಂದು ತಾಗುತ್ತಿದ್ದವು. ಮೊದಮೊದಲು ಇಬ್ಬರೂ ಬೇರೆಲ್ಲೋ ನೋಡುತ್ತಿದ್ದರು. ಆಮೇಲಾಮೇಲೆ ಗೌರೀಶ್ ನೋಟವನ್ನು ಬೇರೆಡೆಗೆ ಹೊರಳಿಸುವುದನ್ನೇ ಬಿಟ್ಟ.

“ಏನು ನೋಡ್ತಿದ್ದೀರಾ?”

“ನಿಮ್ಮ ಕೂದ್ಲಲ್ಲಿ ದಾರದ ಎಳೆ.”

“ತೆಗೀರಿ ಮತ್ತೆ.”

“ಇರ್ಲಿ ಬುಡಿ. ಹೂವಿನಂಗೆ ಐತೆ.”

ಅಕ್ಕ ಎಂದು ಕರೆಯುವುದನ್ನು ಅವನು ಯಾವ ದಿನ ನಿಲ್ಲಿಸಿದನೋ ಅವಳು ಸರಿಯಾಗಿ ಲೆಕ್ಕವಿಟ್ಟಿದ್ದಳು. ಅದೊಂದು ಶುಕ್ರವಾರ. ಅವನ ಬಾಯಲ್ಲಿ ತನ್ನ ಹೆಸರು ಬಂದದ್ದೇ ತಡ, ಅಂದು ಕಾಲರ್ ಹೊಲಿಯುವಾಗ ಎರಡು ಸಲ ಸೂಜಿ ಮುರಿದುಕೊಂಡಳು.

ಮಂಜುಶ್ರೀಯ ಗಂಡ ಸೋಲಾರ್ ಕೆಲಸವೆಂದು ಪಾವಗಡಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ ಮೂರು ವರ್ಷವಾಗಿತ್ತು. ಮಧುಗಿರಿಯ ಕಚೇರಿಗೆ ಪಿಂಚಣಿ ಕೇಳಲು ಹೋದಾಗ ಗುಮಾಸ್ತ ಗಂಡನ ಮರಣ ಪತ್ರ ಕೇಳಿದ್ದ.

“ಅವ್ನು ಬದುಕವ್ನೆ ಸಾರ್, ಅದೇ ನನ್ನ ತೊಂದ್ರೆ ಅಂದೆ,” ಎಂದು ಅವಳು ಹೇಳಿದಾಗ ಗೌರೀಶ್ ಟೀ ಚೆಲ್ಲಿಕೊಳ್ಳುವಷ್ಟು ನಕ್ಕ.

“ಹೆಂಡ್ತಿ ಸತ್ತ ಗಂಡಸಿಗೆ ಯಾವ ಸ್ಕೀಮೂ ಇಲ್ವಂತೆ, ನಾನೂ ಕೇಳ್ದೆ. ನಿಮ್ಮ ಗಂಡ ಸತ್ತಿದ್ದು, ನಾನು ಹೆಂಗಸಾಗಿದ್ದಿದ್ರೆ ಇಬ್ರಿಗೂ ಪಿಂಚಣಿ ಬರ್ತಿತ್ತು.”

“ನೀವು ಹೆಂಗಸಾದ್ರೆ ನನಗೇನು ಲಾಭ?” ಎಂದುಬಿಟ್ಟಳು ಮಂಜುಶ್ರೀ. ಅಂದದ್ದು ಅರ್ಥವಾದಾಗ ಕಿವಿಯವರೆಗೆ ಕೆಂಪಾದಳು. ಅವನು ನಗಲಿಲ್ಲ. ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದ:

“ಮಧುಗಿರಿಲಿ ಒಬ್ಬರು ಲಾಯರ್ ಅವ್ರೆ. ಡೈವೋರ್ಸ್ ಕೇಸ್ ಹಾಕಣ. ಎಷ್ಟು ದಿನ ಆದ್ರೂ ನಾನು ಕಾಯ್ತೀನಿ.”

“ಜನ ಕೇಳಿದ್ರೆ?”

“ಕೇಳಿದೋರಿಗೆ ನಾನೇ ಹೇಳ್ತೀನಿ.”

ಆ ರಾತ್ರಿ ಅವಳಿಗೆ ನಿದ್ದೆಯೇ ಹತ್ತಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಸಂತೋಷದಿಂದ ಎಚ್ಚರವಿದ್ದಳು.

ನಾಲ್ಕು ತಿಂಗಳು ಹೀಗೆ ನಡೆಯಿತು. ಐದನೆಯ ತಿಂಗಳು ಬಟ್ಟೆ ಕೊಳ್ಳುವ ಹೊರದೇಶದ ಕಂಪನಿಯವರು ಆಡಿಟ್‌ಗೆ ಬಂದರು. ಕ್ರೆಶ್ ರೂಮಿನಲ್ಲಿ ಒಬ್ಬ ಮೇಡಂ ಪ್ರತಿ ಮಗುವಿನ ಜನನ ಪತ್ರ ಕೇಳಿದರು. ಮೌಲ್ಯಳದ್ದು ಇರಲಿಲ್ಲ. ಮಂಜುಶ್ರೀಯನ್ನು ಕರೆಸಿದರು.

“ಅಮ್ಮ ಎಲ್ಲಿ ಪುಟ್ಟಿ?” ಎಂದರು ಮೇಡಂ. ಮಗು ಓಡಿಬಂದು ಮಂಜುಶ್ರೀಯ ಸೀರೆ ಹಿಡಿಯಿತು. ಅವಳ ಎದೆ ತುಂಬಿ ಬಂತು.

“ಅಪ್ಪ ಎಲ್ಲಿ?”

ಮೌಲ್ಯ ಕಿಟಕಿಯಾಚೆ ಕಟಿಂಗ್ ಸೆಕ್ಷನ್ನಿನ ಕಡೆ ಬೆರಳು ತೋರಿಸಿದಳು.

ಅರ್ಧ ಗಂಟೆಯೊಳಗೆ ಇಬ್ಬರೂ ಎಚ್.ಆರ್. ಮ್ಯಾನೇಜರ್ ನಂದೀಶ್ವರಯ್ಯನವರ ಮುಂದೆ ನಿಂತಿದ್ದರು.

“ಸುಳ್ಳು ದಾಖಲೆ. ಇದರಿಂದ ಆರ್ಡರೇ ಹೋಗಬಹುದು, ಗೊತ್ತಾ? ಯಾರ ಐಡಿಯಾ ಇದು? ನಿಮ್ಮಿಬ್ಬರ ನಡುವೆ ಏನು ನಡೀತಿದೆ?”

ಮಂಜುಶ್ರೀ ಗೌರೀಶನ ಕಡೆ ನೋಡಿದಳು. ಹೇಳಲಿ, ಅಂದುಕೊಂಡಳು. ಕೆಲಸ ಹೋದರೆ ಇಬ್ಬರದ್ದೂ ಹೋಗಲಿ, ಎಲ್ಲಾದರೂ ಮಿಷನ್ ಹಾಕಿಕೊಂಡು ಹೊಲಿಯೋಣ.

ಗೌರೀಶ್ ನೆಲ ನೋಡುತ್ತಿದ್ದ.

“ಏನೂ ಇಲ್ಲ ಸಾರ್. ಅವರೇ ಮಗೂನ ಕರ್ಕೊಂಡ್ ಹೋಗ್ತಿದ್ರು. ರಿಜಿಸ್ಟರಲ್ಲಿ ಏನು ಬರ್ಸಿದ್ರೋ ನಂಗೊತ್ತಿಲ್ಲ. ಬ್ಯಾಡ ಅಂದ್ರೂ ಕೇಳ್ತಿರ್ಲಿಲ್ಲ, ಒಂಟಿ ಹೆಂಗಸು...”

ವಾಕ್ಯವನ್ನು ಅವನು ಮುಗಿಸಲಿಲ್ಲ. ಮುಗಿಸಬೇಕಾದ ಅಗತ್ಯವೂ ಇರಲಿಲ್ಲ. ನಂದೀಶ್ವರಯ್ಯ ಮಂಜುಶ್ರೀಯನ್ನು ಮೇಲಿಂದ ಕೆಳಗೆ ನೋಡಿದ ರೀತಿಯೇ ಅದನ್ನು ಮುಗಿಸಿತು.

ಗೌರೀಶನಿಗೆ ವಾರ್ನಿಂಗ್ ಲೆಟರ್ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಲೆಕ್ಕ ಚುಕ್ತಾ ಮಾಡಿದ ಕಾಗದ. ಧನ್ಯತಾಳ ಕೈ ಹಿಡಿದು ಗೇಟು ದಾಟುವಾಗ ಮೌಲ್ಯ ಒಳಗೆ ಕಿರುಚಿ ಅಳುವುದು ಕೇಳುತ್ತಿತ್ತು. ಮಂಜುಶ್ರೀ ನಿಲ್ಲಲಿಲ್ಲ.

ಊರಲ್ಲಿ ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು. ಗಾರ್ಮೆಂಟ್ಸಲ್ಲಿ ಯಾರಿಗೋ ಮಗು ಹೆತ್ತಳಂತೆ ಎಂಬಲ್ಲಿಗೆ ಮಾತು ಬೆಳೆದಿತ್ತು. ಎರಡು ತಿಂಗಳು ಕೂಲಿಗೆ ಹೋದಳು. ಆಮೇಲೆ, ಹತ್ತನೇ ಕ್ಲಾಸು ಪಾಸಾಗಿದ್ದು ಉಪಯೋಗಕ್ಕೆ ಬಂದು, ಪಂಚಾಯಿತಿಯ ಕೂಸಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ನರೇಗಾ ಕೆಲಸಕ್ಕೆ ಹೋಗುವ ಹೆಂಗಸರ ಹನ್ನೊಂದು ಮಕ್ಕಳು. ನೂರು ದಿನದ ಕೆಲಸ, ಮುಂದೆ ಹೆಂಗೋ ಏನೋ. ಆದರೂ ಧನ್ಯತಾ ಕಣ್ಣೆದುರಿಗೆ ಇರುತ್ತಿದ್ದಳು.

ಒಂದು ಮಧ್ಯಾಹ್ನ ಕೂಸಿನ ಮನೆಯ ಮುಂದೆ ಬೈಕು ನಿಂತಿತು. ಗೌರೀಶ್ ಎತ್ತಿಕೊಂಡು ಇಳಿದ ಮೌಲ್ಯ ತೆಳ್ಳಗಾಗಿದ್ದಳು. ಎಡಗೈಗೆ ಬ್ಯಾಂಡೇಜು.

“ರೂಮಲ್ಲಿ ಬೀಗ ಹಾಕಿ ಹೋಗಿದ್ದೆ,” ಎಂದ ಗೌರೀಶ್. “ಬಿಸಿ ನೀರು ಎಳ್ಕೊಂಡ್ಬುಟ್ಟವ್ಳೆ.”

ಮಂಜುಶ್ರೀ ಮಗುವನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಅನ್ನ ಸಾರು ಕಲಸಿ ತಿನ್ನಿಸಿದಳು. ಮಗು ಅವಳ ಕತ್ತಿನಲ್ಲಿ ಮುಖ ಹುದುಗಿಸಿ ನಿದ್ದೆ ಹೋಯಿತು. ಅಷ್ಟೂ ಹೊತ್ತು ಅವನು ಬಾಗಿಲಲ್ಲೇ ನಿಂತಿದ್ದ.

“ಅವತ್ತು ಹೆದರ್ಬುಟ್ಟೆ. ಕೆಲ್ಸ ಹೋದ್ರೆ ಇವಳ ಗತಿ ಏನು ಅಂತ. ಕ್ಷಮಿಸಿ ಮಂಜುಶ್ರೀ. ಲಾಯರ್ ಹತ್ರ ಮಾತಾಡಿದ್ದೀನಿ. ಮದುವೆ ಆಗಣ.”

“ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನಾನು ಬೇಕಾಗಿ ಬಂದಿದ್ದೀರೋ, ಮಗೂನ ನೋಡ್ಕೊಳಕ್ಕೆ ಯಾರಾದ್ರೂ ಬೇಕಾಗಿ ಬಂದಿದ್ದೀರೋ?”

ಅವನ ಕಣ್ಣು ಮಗಳ ಬ್ಯಾಂಡೇಜಿನಿಂದ ಅವಳ ಮುಖಕ್ಕೆ ಬಂತು.

“ಎರಡಕ್ಕೂ.”

ನಿಜ ಹೇಳಿದ್ದಾನೆಂದು ಅವಳಿಗೆ ಗೊತ್ತಾಯಿತು. ಆ ನಿಜವನ್ನು ಅಂದು ನಂದೀಶ್ವರಯ್ಯನವರ ಕೋಣೆಯಲ್ಲಿ ಹೇಳಿದ್ದರೆ ಅವನ ಹಿಂದೆ ಬರಿಗಾಲಲ್ಲಿ ಬುಕ್ಕಾಪಟ್ಟಣದವರೆಗೂ ನಡೆಯುತ್ತಿದ್ದಳು.

“ನಂಗೂ ನೀವು ಅಂದ್ರೆ ಇಷ್ಟ ಗೌರೀಶ್. ಇವತ್ತೂ ಇಷ್ಟ. ಅದಕ್ಕೇ ಆ ಮಾತು ಇನ್ನೂ ನೋಯ್ತೈತೆ. ನೋವು ಹೋದ್ಮೇಲೆ ಬನ್ನಿ ಅನ್ನಣ ಅಂದ್ರೆ, ಅದು ಹೋಗೋವಾಗ ಪ್ರೀತಿನೂ ಜೊತೇಲೆ ಕರ್ಕೊಂಡ್ ಹೋಗ್ತದೆ. ನಾಳೆ ಇನ್ಯಾರೋ ಕೇಳ್ತಾರೆ. ನೀವು ಮತ್ತೆ ನೆಲ ನೋಡ್ತೀರ.”

“ಇಲ್ಲ, ಆಣೆ...”

“ಆಣೆ ಬ್ಯಾಡ. ಬುಕ್ಕಾಪಟ್ಟಣದಲ್ಲಿ ನಿಮ್ಮ ಅಕ್ಕ ಅವ್ರಲ್ಲ, ಅವರ ಕಾಲು ಹಿಡೀರಿ. ಬೀಗ ಮಾತ್ರ ಹಾಕ್ಬೇಡಿ.”

ನಿದ್ದೆಯಲ್ಲಿದ್ದ ಮಗುವನ್ನು ಅವನ ಎದೆಗೆ ಮಕ್ಕಳಿಗೆ ಹೊದಿಸುವ ದುಪ್ಪಟ್ಟಿಯಿಂದ ಬಿಗಿದು ಕಟ್ಟಿದಳು. ಗಂಟು ಹಾಕುವಾಗ ಅವನ ಉಸಿರು ಅವಳ ಹಣೆಗೆ ತಾಗಿತು. ಒಂದು ಕ್ಷಣ ಗಂಟು ಬಿಚ್ಚಿಬಿಡಲೇ ಅನ್ನಿಸಿತು. ಇನ್ನೊಂದು ಗಂಟು ಹಾಕಿದಳು.

ಬೈಕು ಸಿರಾ ರಸ್ತೆಗೆ ತಿರುಗಿತು. ಧನ್ಯತಾ ಓಡಿಬಂದು ಅಮ್ಮನ ಕೈ ಜಗ್ಗಿದಳು.

“ಅಮ್ಮ, ಮೌಲ್ಯ ನಾಳೆ ಬರ್ತಾಳಾ?”

“ಇಲ್ಲ ಕಣೇ.”

ಹೇಳಿದ ಮೇಲೆಯೇ ಅವಳಿಗೆ ಅರಿವಾಯಿತು, ತಾನು ಕಳಿಸಿದ್ದು ಒಬ್ಬರನ್ನಲ್ಲ. ಒಳಗೆ ಯಾವುದೋ ಕೂಸು ಎಚ್ಚರಗೊಂಡು ಅಳತೊಡಗಿತು. ಮಂಜುಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.